ಮಲಾವಿಗೆ ಹೋಗುವ ಮುಂಚೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರ್, ವಯಸ್ಸು 29. ಹಳ್ಳಿಗಳ ಕುಡಿಯುವ ನೀರಿನ ಕೆಲಸ ಮಾಡಿ ಗೊತ್ತು. ನೀವು ಆಫ್ರಿಕಾದ ಮಲಾವಿ ದೇಶದ ಒಂದು ಜಿಲ್ಲಾ ನೀರಿನ ಕಚೇರಿಯಲ್ಲಿ ಸ್ವಯಂಸೇವಕರಾಗಿದ್ದವರು. ಅಲ್ಲಿ ದಿನವಿಡೀ ಏನು ಕೆಲಸ? ನಿಜವಾಗಿ ಉಪಯೋಗ ಆಗುತ್ತದಾ?
– ಒಬ್ಬ ಓದುಗ, ಚಿತ್ರದುರ್ಗ

ಉತ್ತರ: ಹೊಸ ಬೋರ್‌ವೆಲ್ ಕೊರೆಸೋಕೆ ಹೋಗುತ್ತಿದ್ದೀನಿ ಅಂದುಕೊಳ್ಳಬೇಡಿ. ಕೆಟ್ಟು ನಿಂತದ್ದನ್ನು ಓಡಿಸುವುದು, ಓಡುತ್ತಿರುವುದು ನಿಲ್ಲದ ಹಾಗೆ ನೋಡಿಕೊಳ್ಳುವುದು, ಕೆಲಸ ಅದೇ ಜಾಸ್ತಿ.

ಅಲ್ಲಿನ ಹಳ್ಳಿಗಳಲ್ಲಿ ಇರುವುದು ಹೆಚ್ಚಾಗಿ ಆಫ್ರಿಡೆವ್ ಕೈಪಂಪು. ಊರಿನವರೇ ರಿಪೇರಿ ಮಾಡಿಕೊಳ್ಳಲಿ ಅಂತಲೇ 1980ರ ದಶಕದಲ್ಲಿ ರೂಪಿಸಿದ್ದು. ನಮ್ಮ ಕಡೆಯ ಇಂಡಿಯಾ ಮಾರ್ಕ್ 2 ಪಂಪು ನಿಮಗೆ ಗೊತ್ತೇ ಇದೆ, ಒಳಗಿನ ವಾಷರ್ ಬದಲಾಯಿಸಬೇಕಾದರೆ ಪೈಪನ್ನೆಲ್ಲ ಮೇಲೆತ್ತಬೇಕು, ಅದಕ್ಕೆ ಆಳು, ಗಾಡಿ, ಸಾಮಾನು ಎಲ್ಲ ಬರಬೇಕು. ಆಫ್ರಿಡೆವ್‌ನಲ್ಲಿ ಪೈಪು ಇದ್ದಲ್ಲೇ ಇರುತ್ತದೆ. ರಾಡು ಎಳೆದರೆ ಪ್ಲಂಜರ್, ಅಂದರೆ ಒಳಗೆ ನೀರನ್ನು ಮೇಲೆತ್ತುವ ಭಾಗ, ಅದರ ಜೊತೆಗೇ ಬರುತ್ತದೆ. ಒಂದು ಸ್ಪ್ಯಾನರ್ ಹಿಡಿದು ಊರಿನ ಹೆಂಗಸರು ಪಂಪಿನ ತಲೆ ಬಿಚ್ಚಿ, ರಾಡು ಒಂದೊಂದಾಗಿ ಎಳೆದು ಸಾಲಾಗಿ ಇಟ್ಟು, ಸವೆದ ರಬ್ಬರ್ ಸೀಲ್ ತೆಗೆದು ಹೊಸದು ಹಾಕಿ ಮತ್ತೆ ಇಳಿಸುತ್ತಾರೆ. ನಾನು ಪಕ್ಕದಲ್ಲಿ ನಿಂತು ನೋಡಿದ್ದೇ ಜಾಸ್ತಿ.

ಇಷ್ಟು ಸುಲಭ ಇದ್ದರೂ ಪಂಪು ಯಾಕೆ ತಿಂಗಳುಗಟ್ಟಲೆ ಕೆಟ್ಟು ನಿಲ್ಲುತ್ತದೆ? ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಸೀಲ್ ಹತ್ತಿರದ ಅಂಗಡಿಯಲ್ಲಿ ಇರುವುದಿಲ್ಲ. ಇದ್ದರೂ ಊರಿನ ನೀರಿನ ಕಮಿಟಿಯ ಹತ್ತಿರ ದುಡ್ಡಿರುವುದಿಲ್ಲ. ಜೋಳದ ಕೊಯ್ಲು ಏಪ್ರಿಲ್, ಮೇ ಹೊತ್ತಿಗೆ, ನಮ್ಮಲ್ಲಿ ಮೆಕ್ಕೆಜೋಳ ಅಂತೀವಲ್ಲ ಅದು. ಜನವರಿ, ಫೆಬ್ರವರಿಯಲ್ಲಿ ಕಣಜ ಖಾಲಿ, ಮನೆಯಲ್ಲಿ ಊಟಕ್ಕೇ ಕಷ್ಟ. ಆಗ ಪಂಪಿನ ವಂತಿಗೆ ಕೇಳಿದರೆ ಯಾರು ಕೊಡುತ್ತಾರೆ? ತಿಂಗಳು ತಿಂಗಳು ಕೇಳುವ ಬದಲು ಕೊಯ್ಲು ಮುಗಿದ ಮೇಲೆ ಒಟ್ಟಿಗೆ ತಗೊಂಡು, ಆಗಲೇ ಸೀಲ್ ಕೊಂಡಿಡಿ ಅನ್ನುವುದು ನಮ್ಮ ಕಚೇರಿಯ ಒಬ್ಬ ಫೀಲ್ಡ್ ಸಿಬ್ಬಂದಿಯ ಯೋಚನೆ. ನಾನು ಮಾಡಿದ್ದು ಲೆಕ್ಕದ ಪುಸ್ತಕ ಸರಳ ಮಾಡಿಕೊಟ್ಟದ್ದು, ಅವರ ಬೈಕಿನ ಹಿಂದೆ ಕೂತು ಊರೂರು ಹೋದದ್ದು.

ಉಪಯೋಗ ಆಗುತ್ತದಾ ಅಂದಿರಿ. ಆಗುತ್ತದೆ, ಆದರೆ ಅಲ್ಲಿನ ಜೊತೆಗಾರರ ಕೈಯಲ್ಲಿ ಕೆಲಸ ಉಳಿದರೆ ಮಾತ್ರ. ನೀವು ವಾಪಸ್ ಬರುತ್ತೀರಿ, ಅವರು ಅಲ್ಲೇ ಇರುತ್ತಾರೆ. ಸಭೆಯಲ್ಲಿ ಅವರೇ ಮಾತಾಡಲಿ, ವರದಿಯಲ್ಲಿ ಅವರ ಹೆಸರು ಮೊದಲು ಬರಲಿ. ಮೊದಮೊದಲು ಸುಮ್ನೆ ಕೂತು ಕೇಳಿಸಿಕೊಳ್ಳಿ. ಬೆಳಗ್ಗೆ ಕಚೇರಿಗೆ ಹೋದ ತಕ್ಷಣ ಫೈಲು ತೆಗೆಯಬೇಡಿ, ಎಲ್ಲರಿಗೂ ಅಲ್ಲಿನ ಚಿಚೆವಾ ಭಾಷೆಯಲ್ಲಿ ‘ಮುಲಿ ಬ್ವಾಂಜಿ’ ಅಂದು, ಹೇಗಿದ್ದೀರಿ, ಮನೆಯಲ್ಲಿ ಹೇಗಿದ್ದಾರೆ ಅಂತ ಕೇಳಿದ ಮೇಲೇ ಕೆಲಸದ ಮಾತು. ಕರೆಂಟ್ ಹೋಗುತ್ತದೆ, ಡೀಸೆಲ್ ಇಲ್ಲದೆ ಗಾಡಿ ನಿಲ್ಲುತ್ತದೆ, ನವೆಂಬರಿನಿಂದ ಮಳೆ ಶುರುವಾದರೆ ಮಣ್ಣಿನ ರಸ್ತೆ ಕೆಸರು. ವಾರಕ್ಕೆ ಎರಡು ಊರಿನ ಕೆಲಸ ಸರಿಯಾಗಿ ಆದರೆ ಅದು ಒಳ್ಳೆಯ ವಾರ.

ಪ್ರಶ್ನೆ: ಮಗಳು ನರ್ಸ್. ಮಲಾವಿಗೆ ಸ್ವಯಂಸೇವಕಿಯಾಗಿ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾಳೆ. ನಾವು ಸಸ್ಯಾಹಾರಿಗಳು. ಊಟಕ್ಕೆ ಏನು ಮಾಡುತ್ತಾಳೆ? ಭಯ ಆಗುತ್ತದೆ.
– ಒಬ್ಬ ತಾಯಿ, ಹಾಸನ

ಉತ್ತರ: ಅಮ್ಮಾ, ಊಟದ ಚಿಂತೆ ಬಿಡಿ. ಅಲ್ಲಿನವರ ದಿನದ ಊಟ ನ್ಸಿಮಾ, ಬಿಳಿ ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿನಲ್ಲಿ ತಿರುವಿ ಮಾಡುವುದು, ಕೈಯಲ್ಲಿ ಮುರಿದು ಉಂಡೆ ಮಾಡಿ ಸಾರಿಗೆ ಅದ್ದಿ ತಿನ್ನುವುದು. ಹಾಸನದವರಿಗೆ ಮುದ್ದೆ ಹೊಸದಾ? ಜೊತೆಗೆ ಶೇಂಗಾ ಪುಡಿ ಹಾಕಿ ಬೇಯಿಸಿದ ಕುಂಬಳದ ಸೊಪ್ಪು ಸಿಗುತ್ತದೆ, ಬಹಳ ರುಚಿ. ತೊಗರಿ ಅಲ್ಲೇ ಬೆಳೆಯುತ್ತದೆ. ವರ್ಷಕ್ಕೆ 50,000 ಟನ್ ತೊಗರಿ ಅಲ್ಲಿಂದ ತರಿಸಿಕೊಳ್ಳಲು ಭಾರತ 2021ರಲ್ಲಿ ಒಪ್ಪಂದ ಮಾಡಿಕೊಂಡಿತ್ತು. ಲಿಲೋಂಗ್ವೆ, ಬ್ಲಾಂಟೈರ್ ಪೇಟೆಗಳಲ್ಲಿ ಗುಜರಾತಿ ಮೂಲದವರ ಅಂಗಡಿಗಳಿವೆ, ಮಸಾಲೆ ಸಾಮಾನಿಗೆ ತೊಂದರೆ ಇಲ್ಲ.

ನೀವು ಕೇಳಬೇಕಾದದ್ದು ಬೇರೆ. ಅಲ್ಲಿ ಮಲೇರಿಯಾ ಇದೆ. ಹೋಗುವ ಮುಂಚೆ ವೈದ್ಯರನ್ನು ಕಂಡು ತಡೆ ಮಾತ್ರೆ ಬರೆಸಿಕೊಳ್ಳಲಿ, ದಿನಾ ಸೊಳ್ಳೆಪರದೆಯಲ್ಲೇ ಮಲಗಲಿ, ಜ್ವರ ಬಂದರೆ ನಾಳೆ ನೋಡೋಣ ಅನ್ನದೆ ಅವತ್ತೇ ರಕ್ತ ಪರೀಕ್ಷೆ ಮಾಡಿಸಲಿ. ನರ್ಸ್ ಆದವಳಿಗೆ ಇದೆಲ್ಲ ಗೊತ್ತಿರುತ್ತದೆ, ಆದರೆ ಕೆಲಸದ ನಡುವೆ ತನ್ನ ಜ್ವರವನ್ನು ತಾನೇ ಕಡೆಗಣಿಸುವವರೂ ಅವರೇ ಅಲ್ವಾ. ರಾತ್ರಿ ರಸ್ತೆ ಪ್ರಯಾಣ ಬೇಡ. ಮನೆ ಎಲ್ಲಿ, ಪಕ್ಕದಲ್ಲಿ ಯಾರಿದ್ದಾರೆ, ಆಸ್ಪತ್ರೆ ಖರ್ಚಿನ ವಿಮೆ ಯಾರದು, ಈ ಮೂರನ್ನೂ ಕಳಿಸುವ ಸಂಸ್ಥೆಯಿಂದ ಬರೆದು ತರಿಸಿಕೊಳ್ಳಿ. ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ನೀವು ರಾತ್ರಿ ಊಟ ಮುಗಿಸಿ ಫೋನ್ ಮಾಡಿದರೆ ಅವಳು ಕೆಲಸ ಮುಗಿಸಿ ಮನೆಗೆ ಬಂದಿರುತ್ತಾಳೆ.

ಪ್ರಶ್ನೆ: ವಿದೇಶದ ಅನಾಥಾಶ್ರಮದಲ್ಲಿ ಎರಡು ವಾರ ಸೇವೆ ಮಾಡಿಸುತ್ತೇವೆ ಅಂತ ಒಂದು ಏಜೆನ್ಸಿ ಫೀಸು ಕೇಳುತ್ತಿದೆ. ಕೊಡಬಹುದಾ?
– ಪದವಿ ವಿದ್ಯಾರ್ಥಿನಿ, ಮೈಸೂರು

ಉತ್ತರ: ಬೇಡ. ಎರಡು ವಾರ ಎತ್ತಿ ಆಡಿಸಿ ಬಿಟ್ಟು ಬಂದರೆ ಆ ಮಕ್ಕಳಿಗೆ ನೋವೇ ಜಾಸ್ತಿ. ವಿಶ್ವಸಂಸ್ಥೆಯ ಸ್ವಯಂಸೇವಕರ ಕಾರ್ಯಕ್ರಮ ನೋಡಿ, ಕಚೇರಿ ಜರ್ಮನಿಯ ಬಾನ್‌ನಲ್ಲಿದೆ. ಅರ್ಜಿಗೆ ಫೀಸಿಲ್ಲ, ಆಯ್ಕೆಯಾದರೆ ತಿಂಗಳ ಖರ್ಚಿಗೆ ಭತ್ಯೆ, ವಿಮೆ ಎರಡೂ ಇರುತ್ತವೆ. ಮನೆಯಿಂದಲೇ ಆನ್‌ಲೈನಿನಲ್ಲಿ ಮಾಡುವ ಅನುವಾದ, ವಿನ್ಯಾಸದ ಕೆಲಸವೂ ಅವರಲ್ಲಿದೆ. ಓದು ಮುಗಿಯುವವರೆಗೆ ನಿಮಗೆ ಅದೇ ಸರಿ.