ಪ್ರತಿಕ್ರಿಯೆ: ಸಂದರ್ಶನದಲ್ಲಿ ಚೆನ್ನಾಗಿ ಮಾತಾಡಿದವರಿಗೆ ಕೆಲಸ ಬಾರದಿದ್ದರೆ

ಕುಂಬಳೆಯ ಅಂಗಡಿಗೆ ಲೆಕ್ಕ ಬರೆಯಲು ತೆಗೆದುಕೊಂಡ ಇಬ್ಬರಿಗೂ ಕೆಲಸ ಬರುತ್ತಿರಲಿಲ್ಲ ಅಂದಿದ್ದೀರಿ. ಮಾತು ಕೇಳಿ ಆರಿಸಿದ್ದೇ ಕಾರಣ ಇರಬೇಕು. ನನಗೂ ಹೀಗೇ ಆಗಿತ್ತು.

ಇನ್ನು ಸಂದರ್ಶನಕ್ಕೆ ಬಂದವರಿಗೆ ಮೊದಲು ಎರಡು ಖರೀದಿ ಬಿಲ್ ಕೊಟ್ಟು ಟ್ಯಾಲಿಯಲ್ಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಹಾಕಿಸಿ. ಮಂಗಳೂರಿನ ಬಿಲ್ ಹೊರರಾಜ್ಯದ್ದು, ಅದಕ್ಕೆ ಐಜಿಎಸ್‌ಟಿ (ರಾಜ್ಯಗಳ ನಡುವಿನ ವ್ಯಾಪಾರದ ಜಿಎಸ್‌ಟಿ) ಬರಬೇಕು; ಕಣ್ಣೂರಿನದು ನಮ್ಮ ಕೇರಳದ್ದೇ, ಅದಕ್ಕೆ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ (ಕೇಂದ್ರದ ಮತ್ತು ರಾಜ್ಯದ ಜಿಎಸ್‌ಟಿ) ಬರಬೇಕು. ಗಡಿಯಲ್ಲಿರುವ ನಮಗೆ ಇದು ದಿನಾ ಇರುವ ಕೆಲಸ ಅಲ್ವಾ? "ಗೊತ್ತಿಲ್ಲ, ತೋರಿಸಿಕೊಡಿ" ಅಂದವರನ್ನು ಧೈರ್ಯವಾಗಿ ತೆಗೆದುಕೊಳ್ಳಬಹುದು. ಕೇಳದೆ ಸುಮ್ನೆ ಏನೋ ತುಂಬಿಸಿದರೆ ಎಚ್ಚರ.

ಆಮೇಲೆ ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಅಂತ ಕೇಳಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿ. ಉತ್ತರ ಬದಲಾದರೆ, ಅವರಿಗೆ ಹೇಳಿಯೇ ಹಳೆಯ ಧಣಿಗೆ ಫೋನ್ ಮಾಡಿ.

ತಡವರಿಸಿದರು ಅಂತ ಮಾತ್ರ ಬಿಡಬೇಡಿ. ಅದು ಹೆದರಿಕೆಯೂ ಇರಬಹುದು. ಮಲಯಾಳದಲ್ಲಿ ಓದಿದವರು ಕನ್ನಡಕ್ಕೆ ತಡಕಾಡುತ್ತಿರಲೂಬಹುದು.