ಅಜ್ಜನ ಡಾಕ್ಟರಿಕೆಯ ಪತ್ರಗಳು, ಅತ್ತೆಯ ಲ್ಯಾಬ್ ನೋಟ್‌ಬುಕ್‌ಗಳು: ಮುಂಬೈಯಲ್ಲಿ ಕಾಪಾಡೋದು ಹೇಗೆ?

ಮಾಟುಂಗಾದ ಮನೆ ಖಾಲಿ ಮಾಡುವ ಮೊದಲು ಈ ಕಾಗದಪತ್ರಗಳನ್ನು ಏನು ಮಾಡಲಿ ಅಂತ ಕೇಳಿದ್ದೀರಿ. ಕಟ್ಟು ಬಿಚ್ಚಿ ತಾರೀಖಿನ ಪ್ರಕಾರ ಜೋಡಿಸಲು ಹೋಗಬೇಡಿ. ಯಾವ ಪತ್ರ ಯಾವುದರ ಜೊತೆಗಿತ್ತು ಅನ್ನೋದೂ ಮಾಹಿತಿಯೇ ಅಲ್ವಾ? ಇದ್ದ ಹಾಗೇ ಫೋಟೊ ತೆಗೆದಿಡಿ. ತುಕ್ಕು ಹಿಡಿದ ಗುಂಡುಪಿನ್ನನ್ನು ಎಳೆಯಬೇಡಿ. ಸುತ್ತ ಕಂದು ಕಲೆಯಾಗಿದ್ದರೆ ಕಾಗದವೇ ಕಿತ್ತು ಬರುತ್ತದೆ. ಲ್ಯಾಮಿನೇಷನ್, ಸೆಲ್ಲೋಟೇಪ್ ಬೇಡವೇ ಬೇಡ. ಮಳೆಗಾಲದಲ್ಲಿ ತೇವ ಹೀರುವ ಹೊರಗೋಡೆಯ ಕಪಾಟೂ ಬೇಡ. ಆಸಿಡ್-ಫ್ರೀ (ಕಾಗದವನ್ನು ಹಾಳುಮಾಡುವ ಆಮ್ಲವಿಲ್ಲದ) ಪೆಟ್ಟಿಗೆಯಲ್ಲಿ, ನೆಲದಿಂದ ಮೇಲಿಡಿ.

ರೋಗಿಗಳ ಹೆಸರಿರುವ ಕೇಸ್ ಪೇಪರುಗಳಿಗೆ ಗುರುತು ಹಾಕಿ. ಸುಮ್ನೆ ಸ್ಕ್ಯಾನ್ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕೋದು ಸರಿಯಲ್ಲ.

ಮನೆಯಲ್ಲಿಡಲಾಗದಿದ್ದರೆ ಆರ್ಕೈವ್ಸ್‌ಗೆ, ಅಂದರೆ ಹಳೆಯ ದಾಖಲೆ ಕಾಪಾಡುವ ಸಂಸ್ಥೆಗೆ, ಕೊಡಬಹುದು. ಮುಂಬೈನ ಕೊಲಾಬಾದಲ್ಲಿರುವ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ಆರ್ಕೈವ್ಸ್‌ನಲ್ಲಿ ಹೋಮಿ ಭಾಭಾ ಅವರ ಕಾಗದಪತ್ರಗಳಿವೆ. ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರ) ಆರ್ಕೈವ್ಸ್ ವಿಜ್ಞಾನಿಗಳ ಖಾಸಗಿ ಸಂಗ್ರಹ ಕಾಪಾಡುತ್ತದೆ. ನಾನಾದರೆ ಮೊದಲು ಎನ್‌ಸಿಬಿಎಸ್‌ಗೇ ಬರೆಯುತ್ತೇನೆ. ಯಾವುದನ್ನು ಯಾರು ನೋಡಬಹುದು ಅನ್ನೋದನ್ನು ಕೊಡುವ ಮುಂಚೆಯೇ ಬರಹದಲ್ಲಿ ಪಡೆಯಿರಿ.