ಅಮೆರಿಕದ ಅಂತರ್ಯುದ್ಧ (1861–65) ಕಾಲದ ಸೈನಿಕನ ಕೋಟು ಅಸಲಿಯೇ ಎಂದು ತಿಳಿಯುವುದು ಹೇಗೆ?

ಪೆನ್ಸಿಲ್ವೇನಿಯಾದ ಹಳೇ ಸಾಮಾನಿನ ಸಂತೆಯಲ್ಲಿ ಹದ್ದಿನ ಗುಂಡಿಗಳಿರುವ ಕಡುನೀಲಿ ಉಣ್ಣೆ ಕೋಟು ಕೊಂಡಿದ್ದೀರಿ. ಮಾರಿದವರು ‘1863ರದು’ ಅಂದರಂತೆ. ಅದು ನಿಜವಾ, ಯಾವ ಸೈನಿಕನದು ಅಂತ ಪತ್ತೆ ಮಾಡಬಹುದಾ ಎಂದು ಕೇಳಿದ್ದೀರಿ.

ಮೊದಲು ಮುಂದಿನ ಗುಂಡಿ ಎಣಿಸಿ. 1861ರ ಸೇನಾ ನಿಯಮದಲ್ಲಿ ದಿನಬಳಕೆಯ ಸ್ಯಾಕ್ ಕೋಟಿನ ವಿವರ ಸ್ಪಷ್ಟವಾಗಿದೆ: ಕಡುನೀಲಿ ಫ್ಲಾನೆಲ್, ಅರ್ಧ ತೊಡೆಯವರೆಗೆ ಸಡಿಲ, ಮಡಚಿದ ಕಾಲರ್, ಎಡಗಡೆ ಒಳಜೇಬು, ನಾಲ್ಕೇ ಗುಂಡಿ. ಐದು ಗುಂಡಿ ಇದ್ದರೆ ಅದು ಸಾಮಾನ್ಯವಾಗಿ 1874ರಿಂದ ಬಂದ ಮಾದರಿ. ಅದೂ ಅಸಲಿಯೇ ಇರಬಹುದು, ಆದರೆ ಅಂತರ್ಯುದ್ಧದ್ದಲ್ಲ. ಎರಡು ಸಾಲು ಗುಂಡಿ ಇದ್ದು ಅದರ ಮೇಲೆ ‘ಜಿ.ಎ.ಆರ್’ ಅಂತಿದ್ದರೆ, ಯುದ್ಧ ಮುಗಿದ ಮೇಲೆ ‘ಗ್ರ್ಯಾಂಡ್ ಆರ್ಮಿ ಆಫ್ ದ ರಿಪಬ್ಲಿಕ್’ ಎಂಬ ಮಾಜಿ ಸೈನಿಕರ ಸಂಘದವರು ಸಭೆ ಮೆರವಣಿಗೆಗೆ ಹಾಕಿಕೊಂಡದ್ದು. ಸಂತೆಯಲ್ಲಿ ಇದನ್ನೂ ‘ಯುದ್ಧದ ಕೋಟು’ ಅಂತಲೇ ಮಾರುತ್ತಾರೆ.

ನಾಲ್ಕು ಗುಂಡಿ ಇದೆಯಾ? ಹಾಗಾದರೆ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಕೋಟಿನ ಗುಂಡಿ ಬಿಚ್ಚಿ, ಒಳಗಡೆ ನೋಡಿ. ನನ್ನ ಅಪ್ಪ ದಾವಣಗೆರೆಯಲ್ಲಿ ಟೈಲರ್ ಆಗಿದ್ದರು. ಯಾರ ರೆಡಿಮೇಡ್ ಶರ್ಟು ಕೈಗೆ ಬಂದರೂ ಮೊದಲು ಉಲ್ಟಾ ಮಾಡೋರು, ಮುಂಭಾಗ ಆಮೇಲೆ. ಇಲ್ಲಿ ನ್ಯೂಜೆರ್ಸಿಯಲ್ಲಿ ಹಳೇ ಸೇನಾ ಬಟ್ಟೆಯ ಹುಚ್ಚು ಹಿಡಿದ ಮೇಲೆ ನನಗೆ ಕೆಲಸಕ್ಕೆ ಬಂದದ್ದು ಆ ಒಂದು ಅಭ್ಯಾಸವೇ.

‘ಮಷೀನ್ ಹೊಲಿಗೆ ಇದ್ದರೆ ನಕಲಿ’ ಅಂತ ಬಹಳ ಜನ ಹೇಳುತ್ತಾರೆ. ನಂಬಬೇಡಿ. ಆ ಹೊತ್ತಿಗೆ ಹೊಲಿಗೆ ಯಂತ್ರ ಬಂದಾಗಿತ್ತು. ಗುತ್ತಿಗೆದಾರರು ಸಾಕಷ್ಟು ಕೋಟುಗಳನ್ನು ಯಂತ್ರದಲ್ಲೇ ಹೊಲಿಸಿದರು. ಫಿಲಡೆಲ್ಫಿಯಾದ ಸ್ಕೂಕಿಲ್ ಶಸ್ತ್ರಾಗಾರದ (ಹೆಸರಿಗೆ ಶಸ್ತ್ರಾಗಾರ, ಸೇನೆಗೆ ಬಟ್ಟೆ ಹೊಲಿಸುತ್ತಿದ್ದ ಸರ್ಕಾರಿ ಕೇಂದ್ರ) ಕೋಟುಗಳಾದರೆ ಪೂರ್ತಿ ಕೈಹೊಲಿಗೆ. ಅಲ್ಲಿ ಬಟ್ಟೆ ಕತ್ತರಿಸಿ, ಗುಂಡಿ ದಾರ ಸೇರಿಸಿ ಗಂಟು ಕಟ್ಟಿ ಕೊಡುತ್ತಿದ್ದರು. ಸಾವಿರಾರು ಹೆಂಗಸರು ಅದನ್ನು ಮನೆಗೆ ಒಯ್ದು ಹೊಲಿದು ತರುತ್ತಿದ್ದರು. ಪೀಸಿಗೆ ಇಷ್ಟು ಅಂತ ಕೂಲಿ. ಅಂಥ ಕೋಟಿನ ಒಳಗೆ ಒಂದೊಂದು ಕಡೆ ಟಾಕು ಒಂದೊಂದು ಥರ ಇರುತ್ತದೆ. ಎಲ್ಲೋ ಒತ್ತಾಗಿ, ಎಲ್ಲೋ ಅವಸರದಲ್ಲಿ ಉದ್ದುದ್ದ. ಕಾಜಾ ಅಂತೂ ಮಸೂರ ಹಿಡಿದು ನೋಡಿ. ಯುದ್ಧಕಾಲದ ಸೈನಿಕರ ಕೋಟಿನಲ್ಲಿ ಕೈಯಲ್ಲೇ ಮಾಡಿದ ಕಾಜಾ ಜಾಸ್ತಿ. ನಾಲ್ಕೂ ಅಚ್ಚು ಹೊಡೆದ ಹಾಗೆ ಒಂದೇ ಥರ ಇದ್ದರೆ ಅನುಮಾನ ಪಡಿ.

ಆಮೇಲೆ ಅಸ್ತರು. ನಿಯಮದ ಪ್ರಕಾರ ಹೊಸದಾಗಿ ಸೇರಿದವರ ಕೋಟಿಗೆ ಮೈಗೂ ತೋಳಿಗೂ ಅಸ್ತರು ಇರಬೇಕು, ಉಳಿದವರ ಕೋಟಿಗೆ ಇಲ್ಲ. ಅಸ್ತರು ಇದ್ದರೆ ತೋಳಿನ ಒಳಗೆ ಇಣುಕಿ. ಅಳತೆಯ ಅಂಕಿಯೋ ಗುತ್ತಿಗೆದಾರನ ಹೆಸರೋ ಮಸಿಯ ಮುದ್ರೆಯಾಗಿ ಉಳಿದಿರಬಹುದು. ಅಳತೆ ಅಂದರೆ 1ರಿಂದ 4, ಅಷ್ಟೇ. ಉದ್ದದವನೋ ದಪ್ಪನೆಯವನೋ, ಆ ನಾಲ್ಕರಲ್ಲೇ ಹೊಂದಿಸಿಕೊಳ್ಳಬೇಕಿತ್ತು.

ಗುಂಡಿಯನ್ನು ಮಾತ್ರ ನಂಬಿ ಕೂರಬೇಡಿ. ಹಿಂಭಾಗದಲ್ಲಿ ‘ಸ್ಕೋವಿಲ್’ ಅಥವಾ ‘ವಾಟರ್‌ಬರಿ’ ಅಂತಿದ್ದರೂ ಆ ಕಂಪನಿಗಳು ಯುದ್ಧದ ನಂತರವೂ ಗುಂಡಿ ಮಾಡಿದವು. ಹಳೇ ಗುಂಡಿ ಕಿತ್ತು ಹೊಸ ಕೋಟಿಗೆ ಹಚ್ಚುವುದು ಐದು ನಿಮಿಷದ ಕೆಲಸ. ನಾನೇ ಮೋಸ ಹೋಗಿದ್ದೇನೆ. ಗುಂಡಿ ನೋಡಿ ಖುಷಿಯಾಗಿ ದುಡ್ಡು ಕೊಟ್ಟೆ. ಮನೆಗೆ ತಂದು ಅಲ್ಟ್ರಾವಯಲೆಟ್ ಟಾರ್ಚ್ ಬಿಟ್ಟರೆ ಹೊಲಿಗೆ ದಾರವೆಲ್ಲ ನೀಲಿಯಾಗಿ ಫಳಫಳ! ಈಗಿನ ಕಾಲದ ಹೊಳಪಿನ ರಾಸಾಯನಿಕ ಹಾಕಿದ ದಾರ. ಯುದ್ಧದ ಅಣಕು ಪ್ರದರ್ಶನಕ್ಕೆ ಯಾರೋ ಹೊಲಿಸಿಕೊಂಡದ್ದು, ಬೆವರು ಬಿಸಿಲಿಗೆ ಹಳತಾಗಿತ್ತು. ಅಪ್ಪನಿಗೆ ಇವತ್ತಿಗೂ ಹೇಳಿಲ್ಲ.

ಯಾವ ಸೈನಿಕನದು ಅನ್ನುವುದು ಕಷ್ಟದ ಪ್ರಶ್ನೆ. ಅಸ್ತರಿನ ಮೇಲೆ ಹೆಸರು ಬರೆದಿದ್ದರೂ ಅದೊಂದೇ ಸಾಲದು, ಅದನ್ನು ನಿನ್ನೆ ಬರೆದಿರಲೂಬಹುದು. ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಆಯಾ ಸೈನಿಕನ ಸೇವಾ ದಾಖಲೆ ಸಿಗುತ್ತದೆ. ಅಲ್ಲಿ ನನಗೆ ತುಂಬ ಇಷ್ಟವಾದದ್ದು ಬಟ್ಟೆಯ ಲೆಕ್ಕ. ಯುದ್ಧದ ಆರಂಭದಲ್ಲಿ ಕಾಲಾಳಿಗೆ ಬಟ್ಟೆಗೆ ಅಂತ ವರ್ಷಕ್ಕೆ 42 ಡಾಲರ್. ತಿಂಗಳ ಸಂಬಳ 13 ಡಾಲರ್. ಲೆಕ್ಕ ಮೀರಿ ಬಟ್ಟೆ ತಗೊಂಡರೆ ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದರು. ಬಿಡುಗಡೆಯಾಗುವಾಗಿನ ಪಟ್ಟಿಯಲ್ಲಿ ಅವನು ಸರ್ಕಾರಕ್ಕೆ ಎಷ್ಟು ಬಾಕಿ ಅಂತ ಡಾಲರು, ಸೆಂಟು ಲೆಕ್ಕದಲ್ಲಿ ಬರೆದಿರುತ್ತಾರೆ. ಆದರೆ ‘ಈ ಕೋಟು ಇವನದೇ’ ಅಂತ ಅಲ್ಲೂ ಇರುವುದಿಲ್ಲ.

ಇನ್ನೊಂದು ಮಾತು. ಡ್ರೈಕ್ಲೀನಿಂಗಿಗೆ ದಯವಿಟ್ಟು ಕೊಡಬೇಡಿ, ಹ್ಯಾಂಗರಿಗೂ ಹಾಕಬೇಡಿ. ಭುಜದ ಹೊಲಿಗೆ ಬಿಟ್ಟುಬಿಡುತ್ತದೆ. ಲಕ್ಷಗಟ್ಟಲೆ ಹಂಚಿದ ಕೋಟು ಇದು. ಆದರೆ ಸೈನಿಕರು ಹರಿಯುವ ತನಕ ಹಾಕಿಕೊಂಡಿದ್ದರಿಂದ ಈಗ ಅಸಲಿ ಸಿಗುವುದೇ ಅಪರೂಪ. ಒಳಜೇಬು, ಒಂದು ಕಾಜಾ, ಎಡತೋಳಿನ ಅಸ್ತರು, ಮೂರರ ಫೋಟೋ ಹತ್ತಿರದಿಂದ ತೆಗೆದು ಇಲ್ಲಿ ಹಾಕಿ, ನೋಡೋಣ.